ಬ್ಯಾಣದಲ್ಲಿ ಜಂಬಿಟ್ಟಿಗೆ ಕ್ವಾರಿಗೆ ಜಾಗ ಕೊಡಬಹುದಾ?

ಪ್ರಶ್ನೆ – ಸಾಗರ ಕಡೆಯ ಸದಸ್ಯರು:
ಸಾರ್, ನಮ್ಮ ಅಡಿಕೆ ತೋಟದ ಮೇಲ್ಗಡೆ ಎರಡು ಎಕರೆ ಬ್ಯಾಣ (ಹುಲ್ಲು, ಸೊಪ್ಪಿಗೆ ಬಿಟ್ಟ ಗುಡ್ಡದ ಜಾಗ) ಇದೆ. ಜಂಬಿಟ್ಟಿಗೆ, ಅಂದರೆ ಮನೆ ಕಟ್ಟೋ ಕೆಂಪು ಕಲ್ಲು, ಚೆನ್ನಾಗಿದೆ, ಮೆಷಿನ್ ಇಟ್ಟು ಕೊಯ್ತೀವಿ, ಕಲ್ಲಿಗೆ ಇಷ್ಟು ಅಂತ ಕೊಡ್ತೀವಿ ಅಂತ ಒಬ್ಬರು ಬೆನ್ನು ಬಿದ್ದಿದ್ದಾರೆ. ಮದ್ದು ಸಿಡಿಸೋದಿಲ್ಲ, ಏನೂ ತೊಂದರೆಯಿಲ್ಲ ಅಂತಾರೆ. ನಂಬಬಹುದಾ?

ಉತ್ತರ – ಗಣಿ ಎಂಜಿನಿಯರ್:
ಮದ್ದು ಬೇಡ ಅನ್ನೋದು ನಿಜ. ಜಂಬಿಟ್ಟಿಗೆ ನೆಲದೊಳಗೆ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಗರಗಸದ ಚಕ್ರದಲ್ಲಿ ಕೊಯ್ದು ತೆಗೆಯಬಹುದು. ಕರಿಕಲ್ಲಾದರೆ ಸಾಮಾನ್ಯವಾಗಿ ಕುಳಿ ಕೊರೆದು ಸಿಡಿಸಬೇಕಾಗುತ್ತದೆ. 2021ರ ಜನವರಿಯಲ್ಲಿ ಶಿವಮೊಗ್ಗ ಹತ್ತಿರದ ಹುಣಸೋಡಿನ ಕಲ್ಲು ಕ್ವಾರಿ ಬಳಿ ಸ್ಫೋಟಕ ಸಿಡಿದ ರಾತ್ರಿ ಭೂಕಂಪವೇ ಆಯ್ತು ಅಂತ ಜನ ಮನೆಯಿಂದ ಹೊರಗೆ ಬಂದಿದ್ದರಲ್ವಾ, ಆ ಭಯ ನಿಮಗಿಲ್ಲ.

ನನಗೆ ಚಿಂತೆ ಇರೋದು ನಿಮ್ಮ ತೋಟದ ನೀರಿನದು. ಜಂಬಿಟ್ಟಿಗೆ ತೂತು ತೂತು ಕಲ್ಲು, ಮಳೆಗಾಲದಲ್ಲಿ ಚೆನ್ನಾಗಿ ನೀರು ಕುಡಿಯುತ್ತದೆ. ಅದರಡಿ ಶೇಡಿ ಮಣ್ಣು, ಅಂದರೆ ನುಣುಪಾದ ಜೇಡಿ. ಶೇಡಿ ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಹಾಗಾಗಿ ಇಳಿದ ನೀರು ಶೇಡಿಯ ಮೇಲೇ ಜಾರಿಕೊಂಡು ಬಂದು ಗುಡ್ಡದ ಬುಡದಲ್ಲಿ ಒರತೆಯಾಗುತ್ತದೆ. ಕಲ್ಲನ್ನು ಶೇಡಿವರೆಗೂ ಎತ್ತಿದರೆ ನೀರು ಹಿಡಿದಿಡುವ ಪದರವೇ ಹೋಯ್ತು. ಮಳೆಗಾಲದಲ್ಲಿ ಕೆಸರು ತೋಟಕ್ಕೆ, ಬೇಸಿಗೆಯಲ್ಲಿ ಒರತೆ ಒಣಗುತ್ತದೆ. ಜೊತೆಗೆ ಶೇಡಿ ನೆನೆದರೆ ಧರೆ (ಕಡಿದ ಗುಡ್ಡದ ಅಂಚು) ಜರಿಯುತ್ತದೆ.

ಕೊಡುವುದೇ ಆದರೆ ಶೇಡಿ ಮೇಲೆ ಕೆಲವು ಅಡಿ ಕಲ್ಲನ್ನು ಕೊಯ್ಯದೆ ಉಳಿಸಲು ಹೇಳಿ. ಮೇಲ್ಮಣ್ಣು ಬೇರೆ ರಾಶಿ ಹಾಕಿಸಿ, ಆಮೇಲೆ ಗಿಡ ಹಿಡಿಸೋಕೆ ಅದೇ ಬೇಕು. ಸ್ವಂತ ಜಾಗಕ್ಕೆ ಪರ್ಮಿಷನ್ ಯಾಕೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಹೋಗಿಯೇ ಮುಂದುವರಿಯಿರಿ.

ಪ್ರಶ್ನೆ – ಕೊಪ್ಪದ ಸದಸ್ಯರು:
ಮಧ್ಯೆ ಬಾಯಿ ಹಾಕ್ತೀನಿ ಸಾರ್. ಕುದುರೆಮುಖದ ಕಬ್ಬಿಣದ ಗಣಿಯಲ್ಲಿ ಗುಡ್ಡ ಕಡಿಯೋ ಬದಲು ಸುರಂಗ ತೋಡಬಹುದಿತ್ತಲ್ವಾ?

ಉತ್ತರ:
ಲೆಕ್ಕ ಕೂಡುತ್ತಿರಲಿಲ್ಲ. ಅಲ್ಲಿನ ಅದಿರಿನಲ್ಲಿ ಕಬ್ಬಿಣ ಕಮ್ಮಿ, ಕಲ್ಲೇ ಜಾಸ್ತಿ. ಅಂಥದ್ದನ್ನು ರಾಶಿಗಟ್ಟಲೆ, ಅಗ್ಗಕ್ಕೆ ಎತ್ತಬೇಕು. ಸುರಂಗದಲ್ಲಿ ಚಾವಣಿ ಬೀಳದ ಹಾಗೆ ಅದಿರಿನ ಕಂಬಗಳನ್ನು ಬಿಡಬೇಕಾಗುತ್ತದೆ. ತೆರೆದ ಗಣಿಯಲ್ಲಿ ಗುಡ್ಡದ ಗದ್ದೆಗಳ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹೆಚ್ಚುಕಮ್ಮಿ ಎಲ್ಲವನ್ನೂ ತೆಗೆಯಬಹುದು, ದೊಡ್ಡ ಯಂತ್ರ ಓಡಿಸಬಹುದು. ಕೆಲಸದವರ ತಲೆ ಮೇಲೆ ಚಾವಣಿ ಕುಸಿಯುವ ಭಯವೂ ಇಲ್ಲ.

ಆದರೆ ಕಬ್ಬಿಣದ ಪುಡಿ ನೀರಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹೋಯ್ತು, ಉಳಿದ ಹೂಳು ಇಲ್ಲೇ ಲಕ್ಯಾ ಅಣೆಕಟ್ಟಿನ ಹಿಂದೆ ಕೂತಿದೆ. ಅದೂ ಭದ್ರೆ ಹುಟ್ಟುವ ಸೀಮೆಯಲ್ಲಿ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ತಮಿಳುನಾಡಿನ ನೈವೇಲಿ ಗಣಿಯಲ್ಲಿ ಇನ್ನೊಂದು ಥರ. ಕಂದು ಕಲ್ಲಿದ್ದಲು ಚಾಪೆ ಹಾಸಿದ ಹಾಗೆ ಮಲಗಿದೆ. ಪಟ್ಟಿ ಪಟ್ಟಿಯಾಗಿ ತೆಗೆದು, ಮುಂದಿನ ಪಟ್ಟಿಯ ಮಣ್ಣನ್ನು ಹಿಂದಿನ ಗುಂಡಿಗೆ ತುಂಬುತ್ತಾ ಹೋಗುತ್ತಾರೆ. ನಮ್ಮ ಗುಡ್ಡದಲ್ಲಿ ಆ ಆಟ ನಡೆಯಲ್ಲ.

ಸಾಗರ ಕಡೆಯ ಸದಸ್ಯರು:
ಬಾವಿ ತೋಡುವಾಗ ಹದಿನೆಂಟು ಅಡಿಗೆ ಶೇಡಿ ಸಿಕ್ಕಿತ್ತು ಅಂತ ಅಪ್ಪಯ್ಯ ಹೇಳ್ತಿದ್ದರು ಸಾರ್. ಬ್ಯಾಣದಲ್ಲಿ ಎಷ್ಟು ಆಳ ಕೊಯ್ಯಬಹುದು ಅನ್ನೋದಕ್ಕೆ ಆ ಲೆಕ್ಕ ಸಾಕಾ?

ಉತ್ತರ:
ಬಾವಿ ಕೆಳಗೆ ತೋಟದಲ್ಲಿದ್ದರೆ ಆ ಅಳತೆ ಬ್ಯಾಣಕ್ಕೆ ಹೊಂದಲ್ಲ. ಮೇಲೆಯೇ ಎರಡು ಕಡೆ ಗುಂಡಿ ತೆಗೆಸಿ ನೋಡಿ. ಅಲ್ಲಿವರೆಗೆ ಮುಂಗಡ ಮಾತ್ರ ತಗೋಬೇಡಿ.