ಅಜ್ಜನ ವಿಂಚೆಸ್ಟರ್ 94: ಪಾಲಿಶ್ ಮಾಡಿಸಲೇ, ಹಾಗೇ ಬಿಡಲೇ?

ಮೂಡಿಗೆರೆ ತೋಟದವ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ರೈಫಲ್ ಒಂದಿದೆ. ವಿಂಚೆಸ್ಟರ್ 94, 30-30 ತೋಟೆಯದು. ಎಸ್ಟೇಟ್ ಮಾರಿ ಊರಿಗೆ ಹೊರಟ ಬಿಳಿ ದೊರೆಯೊಬ್ಬರಿಂದ ಕೊಂಡಿದ್ದಂತೆ. ಹೋದ ವರ್ಷ ಲೈಸೆನ್ಸ್ ನನ್ನ ಹೆಸರಿಗೆ ಬಂತು.

ನಮ್ಮ ಕಡೆ ಕೋವಿ ಎಂದರೆ ಕೇಪಿನ ಕೋವಿ, ಇಲ್ಲ ಜೋಡುನಳಿಗೆ, ಅಲ್ವಾ? ಇದರ ಜಾತಿಯೇ ಬೇರೆ. ಬೆರಳು ತೂರಿಸುವ ಬಳೆಯಂಥ ಲಿವರನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ ಸುಟ್ಟ ತೋಟೆ ಮೇಲಿಂದ ಹಾರುತ್ತದೆ, ಹೊಸದು ಒಳಗೆ ಕೂರುತ್ತದೆ. ಅಜ್ಜ ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿಯಲ್ಲಿ, ನಿಂತು ಕಡವೆ ಕಾಯುತ್ತಿದ್ದ ಕತೆ ಕೇಳಿಯೇ ನಾನು ಬೆಳೆದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದು ಕಾಡಿಗೆ ಹೋಗಿಲ್ಲ. ಹೋಗುವುದೂ ಬೇಡ. ಆದರೆ ನನಗೆ ಇದರ ಮೇಲೆ ಬಹಳ ಪ್ರೀತಿ.

ಈಗ ವಿಷಯ. ಬಣ್ಣ ಅಲ್ಲಲ್ಲಿ ಹೋಗಿದೆ. ನಡುಭಾಗದ ಅಡಿಯಲ್ಲಂತೂ ಅಂಗೈ ಅಗಲ ಬೆಳ್ಳಗಾಗಿದೆ. ರಿಪೇರಿಯವರೊಬ್ಬರು ಹೊಸದರ ಹಾಗೆ ಮಾಡಿಕೊಡುತ್ತೇನೆ ಅಂದರು. ಮಾಡಿಸಲೇ? ಇನ್ನೊಂದು, ಅಮೆರಿಕದಲ್ಲಿ ಜಿಂಕೆ ಬೇಟೆಗೆ ಜನ ಇದನ್ನೇ ಯಾಕೆ ಅಷ್ಟು ಮೆಚ್ಚುತ್ತಾರೆ?

ಅರಕಲಗೂಡಿನವನು:
ಮಾಡಿಸಬೇಡಿ, ದಯವಿಟ್ಟು! ನಾನು ಪೆನ್ಸಿಲ್ವೇನಿಯಾಗೆ ಬಂದು 14 ವರ್ಷ ಆಯಿತು. ಇಲ್ಲಿ ಲೈಸೆನ್ಸ್ ತೆಗೆದುಕೊಂಡು ನವೆಂಬರ್ ಕೊನೆಯಲ್ಲಿ ಕಿತ್ತಳೆ ಜಾಕೆಟ್ ಹಾಕಿ ಬೇಟೆಗೆ ಹೋಗುತ್ತೇನೆ. ನನ್ನ ಹತ್ತಿರ ಇರುವುದೂ ಒಂದು ಹಳೇ 94.

ನೀವು ಹೇಳಿದ ಆ ಬಿಳಿ ಜಾಗ ಸವೆದದ್ದು ಸುಮ್ನೆ ಅಲ್ಲ. ಈ ರೈಫಲ್ ತೂಕ ಸರಿಯಾಗಿ ನಿಲ್ಲುವುದು ಅಲ್ಲೇ. ನಡೆಯುವಾಗ ಒಂದೇ ಕೈಯಲ್ಲಿ ಅಲ್ಲಿ ಹಿಡಿದು ನಡೆಯುತ್ತಾರೆ. ಬೆವರು ತಾಗಿ ತಾಗಿ ಬಣ್ಣ ಹೋಗುತ್ತದೆ. ಹಳೇ 94 ಯಾರದ್ದೇ ನೋಡಿ, ಅದೇ ಜಾಗ ಸವೆದಿರುತ್ತದೆ.

ಇದನ್ನು ರೂಪಿಸಿದವನು ಜಾನ್ ಬ್ರೌನಿಂಗ್. 30-30 ತೋಟೆ ಬಂದದ್ದು 1895ರಲ್ಲಿ. ಹೊಗೆ ಬಾರದ ಮದ್ದಿಗೆಂದೇ ಮಾಡಿದ ಅಮೆರಿಕದ ಮೊದಲ ಸಣ್ಣ ಕ್ಯಾಲಿಬರ್ ಬೇಟೆ ತೋಟೆಗಳಲ್ಲಿ ಇದೂ ಒಂದು. ಇಲ್ಲಿನ ಕಾಡು ನಮ್ಮ ಹಳುವಿನ ಹಾಗೇ ದಟ್ಟ. ಜಿಂಕೆ ಕಾಣುವುದೇ ಐವತ್ತು, ಅರವತ್ತು ಗಜದಲ್ಲಿ. 20 ಇಂಚಿನ ನಳಿಗೆ ಕೊಂಬೆಗೆ ಸಿಕ್ಕುವುದಿಲ್ಲ, ಎರಡನೇ ಈಡಿಗೆ ಕೆನ್ನೆಯಿಂದ ಕೋವಿ ಇಳಿಸಬೇಕಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಸೆಮಿ ಆಟೋಮ್ಯಾಟಿಕ್ (ಮುಂದಿನ ತೋಟೆ ತಾನೇ ತುಂಬಿಕೊಳ್ಳುವ) ರೈಫಲ್ ಬಳಸುವ ಹಾಗಿಲ್ಲ. ಲಿವರ್ ಇಷ್ಟು ಬೇರೂರಲು ಅದೂ ಒಂದು ಕಾರಣ.

ಒಂದು ಎಚ್ಚರ. ತೋಟೆಗಳು ನಳಿಗೆಯ ಅಡಿಯ ಕೊಳವೆಯಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. ಗುಂಡಿನ ತುದಿ ಚೂಪಾಗಿದ್ದರೆ ಮುಂದಿನ ತೋಟೆಯ ಕೇಪಿಗೆ ಚುಚ್ಚಿ ಒಳಗೇ ಸಿಡಿಯಬಹುದು. ಅದಕ್ಕೇ ಚಪ್ಪಟೆ ಮೂತಿಯ ಗುಂಡು.

1964ರಲ್ಲಿ ಖರ್ಚು ಉಳಿಸಲು ಕೆಲವು ಭಾಗ ಮಾಡುವ ರೀತಿಯನ್ನೇ ಬದಲಿಸಿದರು. ಅದಕ್ಕೆ ಹಿಂದಿನವಕ್ಕೆ ಬೆಲೆ ಜಾಸ್ತಿ. ಹೊಸ ಬಣ್ಣ ಹಾಕಿಸಿದರೆ ಆ ಬೆಲೆ ಇಳಿಯುತ್ತದೆ. ನಿಮ್ಮದು ಯಾವ ಕಾಲದ್ದೆಂದು ತಿಳಿಯಲು ನಂಬರ್ ನೋಡಿ, ನಡುಭಾಗದ ಅಡಿಯಲ್ಲಿ ಮುಂದಕ್ಕೆ ಇರುತ್ತದೆ.

ಸಕಲೇಶಪುರದ ಹಿರಿಯ:
ತಮ್ಮಾ, ಅವರು ಹೇಳಿದ್ದು ಸರಿ. ನಾನು ಮಳೆಗಾಲದ ಮಾತು ಹೇಳುತ್ತೇನೆ. ನಮ್ಮ ಅಪ್ಪ ಕೋವಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದರು. ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗುವುದಿಲ್ಲವೇ? ಕೋವಿಯೊಳಗೂ ಹಾಗೇ. ಒಂದು ಸಲ ನಮ್ಮ ಜೋಡುನಳಿಗೆಯ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಅಂಟಿಕೊಂಡು ಕದಲಲೇ ಇಲ್ಲ. ಗನ್ ಆಯಿಲ್ ತೆಳ್ಳಗೆ ಸವರಿ, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿ ಇಡಲೇಬೇಡ, ತೇವ ಹಿಡಿದು ಒಂದೇ ವಾರದಲ್ಲಿ ತುಕ್ಕು ಬರುತ್ತದೆ. ಚುನಾವಣೆಗೆ ಠಾಣೆಯಲ್ಲಿ ಇಡುವ ಮೊದಲೂ ಎಣ್ಣೆ ಹಚ್ಚಿ ಕೊಡು. ಯಾವಾಗ ಮುಟ್ಟಿದರೂ ಮೊದಲು ಲಿವರ್ ಕೆಳಗೆ ತಳ್ಳಿ ಒಳಗೆ ತೋಟೆ ಇಲ್ಲವೆಂದು ಬೆರಳಿಟ್ಟು ನೋಡು.

ಮೂಡಿಗೆರೆ ತೋಟದವ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಓದಿದ ತಕ್ಷಣ ಬೀರುವಿನಿಂದ ತೆಗೆದೆ. ಖಾಲಿ ಇದೆ ಎಂದು ನೋಡಿಕೊಂಡು, ಅರಕಲಗೂಡಿನವರು ಹೇಳಿದ ಹಾಗೆ ಒಂದೇ ಕೈಯಲ್ಲಿ ಹಿಡಿದೆ. ನನ್ನ ಹೆಬ್ಬೆರಳು ಒಂದು ಪಕ್ಕ, ನಾಲ್ಕು ಬೆರಳು ಇನ್ನೊಂದು ಪಕ್ಕ, ಸರಿಯಾಗಿ ಆ ಸವೆದ ಜಾಗದಲ್ಲೇ ಕೂತವು. ಅಜ್ಜನ ಕೈ ನನ್ನದಕ್ಕಿಂತ ಸ್ವಲ್ಪ ದೊಡ್ಡದು, ಅಂಚಿನಲ್ಲಿ ಒಂದು ಗೆರೆಯಷ್ಟು ಬೆಳ್ಳಗೆ ಉಳಿಯಿತು. ರಿಪೇರಿಯವರಿಗೆ ಫೋನ್ ಮಾಡಿ ಬೇಡ ಅಂದೆ.