ಮೋರಿ ನಾತಕ್ಕೆ ಇಂಗ್ಲಿಷಿನಲ್ಲಿ ಏನಂತ ಬರೆಯೋದು?

ಮೂಲೆಮನೆ_ಮೈಸೂರು:
ನಮ್ಮ ಬೀದಿಯ ಮೋರಿ ಯುಗಾದಿಯಿಂದ ಕಟ್ಟಿಕೊಂಡಿದೆ. ಕೊಚ್ಚೆ ನೀರು ರಸ್ತೆ ಮೇಲೇ ಹರಿಯುತ್ತದೆ. ಕನ್ನಡದಲ್ಲಿ ಅರ್ಜಿ ಕೊಟ್ಟಾಯಿತು, ಯಾರೂ ಬರಲಿಲ್ಲ. ಈಗ ಇಂಗ್ಲಿಷಿನಲ್ಲಿ ಜೋರಾಗಿ ಒಂದು ಕಾಗದ ಬರೆಯಿರಿ ಅಂತ ಬೀದಿಯವರೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ. ಎದುರು ಮನೆ ಹುಡುಗ ಬರೆದುಕೊಟ್ಟ ಕರಡಿನಲ್ಲಿ 'ಬ್ಯಾಡ್ ಸ್ಮೆಲ್' ಅಂತಿದೆ. ತೀರಾ ಸಪ್ಪೆ. ಓಡರ್, ಸ್ಟಿಂಕ್, ಸ್ಟೆಂಚ್, ಮೆನೇಸ್, ನ್ಯೂಸೆನ್ಸ್ ಇಷ್ಟರಲ್ಲಿ ಯಾವುದು ಹಾಕಲಿ? ಓದಿದವರು ಕುರ್ಚಿ ಬಿಟ್ಟು ಏಳಬೇಕು.

ಹಳೇ_ಡೆಸ್ಕು:
ಓಡರ್ ಅಂದರೆ ಬರೀ ವಾಸನೆ. ಮುಂದೆ 'ಫೌಲ್' ಸೇರಿಸಿದರೆ ಕಚೇರಿ ಕಾಗದಕ್ಕೆ ಸಾಕು. ಸ್ಟಿಂಕ್ ಬಾಯಿಮಾತು, ಬೇಡ. ಸ್ಟೆಂಚ್ ಅಂದರೆ ಗಬ್ಬು ನಾತ, ನಿಮ್ಮ ಮೋರಿಗೆ ಒಪ್ಪುತ್ತದೆ. ಮೆನೇಸ್ ಮಾತ್ರ ದಯವಿಟ್ಟು ಬೇಡ. ನಮ್ಮ ಇಂಗ್ಲಿಷ್ ಪೇಪರುಗಳಲ್ಲಿ ಬೀದಿನಾಯಿ, ಕೋತಿ, ಸೊಳ್ಳೆ ಎಲ್ಲಕ್ಕೂ ಅದೇ ಪದ. ನಾನೂ ಡೆಸ್ಕಿನಲ್ಲಿ ಕೂತು ಎಷ್ಟು ಹೆಡ್ಡಿಂಗಿಗೆ ಅಂಟಿಸಿದ್ದೇನೋ! ಅದರಲ್ಲಿ ಬೆದರಿಕೆಯ ಅರ್ಥ ಇದೆ. ಮೋರಿ ಬೆದರಿಸೋದಿಲ್ಲ, ನಾರುತ್ತದೆ ಅಷ್ಟೆ.

ಕೋರ್ಟ್_ಮುಂದಿನ_ಟೈಪಿಸ್ಟ್:
ಸರ್, ಸ್ಟೆಂಚ್ ಓದಿದರೆ ಸಾಹೇಬರು ಮೂಗು ಮುಚ್ಚಿಕೊಂಡು ಫೈಲ್ ಪಕ್ಕಕ್ಕಿಡುತ್ತಾರೆ. ನ್ಯೂಸೆನ್ಸ್ ಹಾಕಿ, ಅದಕ್ಕೆ ಕಾನೂನಿನ ಬಲ ಇದೆ. ಮುಂದೆ 'ಪಬ್ಲಿಕ್' ಸೇರಿಸೋದು ಮರೀಬೇಡಿ. ಹಳೇ ದಂಡ ಸಂಹಿತೆ ಐಪಿಸಿಯಲ್ಲಿ ಇದಕ್ಕೆ 268ನೇ ಸೆಕ್ಷನ್ ಇತ್ತಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 270. ಅಂಥದ್ದನ್ನು ತೆಗೆಸೋಕೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಅದಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 133 ಇತ್ತು, ಈಗ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152.

ಸುಮ್ನೆ ಹೇಳ್ತಿಲ್ಲ. ಮಧ್ಯಪ್ರದೇಶದ ರತ್ಲಾಮ್‌ನಲ್ಲೂ ಹೀಗೇ ಆಗಿತ್ತು. ತೆರೆದ ಚರಂಡಿ, ಕಾರ್ಖಾನೆಯ ಕೊಳಕು ನೀರು, ಸೊಳ್ಳೆ. ಜನ ಇದೇ 133ರ ಕೆಳಗೆ ಹೋದರು. ನಮ್ಮ ಹತ್ತಿರ ದುಡ್ಡಿಲ್ಲ ಅಂತ ಪುರಸಭೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ನೆಪ ಒಪ್ಪಲಿಲ್ಲ, ಚರಂಡಿ ಮಾಡಿಕೊಡಲೇಬೇಕು ಅಂದಿತು. ನಮ್ಮಲ್ಲಿಗೆ ಬರೋ ಮೋರಿ ಅರ್ಜಿಗಳಲ್ಲಿ ವಕೀಲರು ಇವತ್ತಿಗೂ ರತ್ಲಾಮ್ ಹೆಸರು ಬರೆಸುತ್ತಾರೆ.

ಬೆಲ್ಲದಚ್ಚು:
ಎಲ್ಲ ಸರಿ. ಆದರೆ ಕಾಂಪೌಂಡ್ ಮೇಲೆ 'ಕಮಿಟ್ ನೋ ನ್ಯೂಸೆನ್ಸ್' ಅಂದರೆ ನಮ್ಮಲ್ಲಿ ಒಂದೇ ಅರ್ಥ, ಇಲ್ಲಿ ಉಚ್ಚೆ ಹೊಯ್ಯಬೇಡಿ ಅಂತ. ಗುಮಾಸ್ತರು ಅದೇ ಅಂದುಕೊಂಡು ಗೋಡೆಗೆ ಬೋರ್ಡ್ ಹಾಕಿಸಿ ಹೋದರೆ?

ಕೋರ್ಟ್_ಮುಂದಿನ_ಟೈಪಿಸ್ಟ್:
ಹ್ಹ ಹ್ಹ, ಆಗಲೂಬಹುದು. ಅದಕ್ಕೇ ಸೆಕ್ಷನ್ ನಂಬರ್ ಪಕ್ಕದಲ್ಲೇ ಇರಲಿ. ಬಣ್ಣದ ಮಾತು ಕಮ್ಮಿ ಮಾಡಿ. ಮೋರಿ ಯಾವ ಮನೆಯಿಂದ ಯಾವ ಮನೆವರೆಗೆ ಕಟ್ಟಿಕೊಂಡಿದೆ, ಯಾವಾಗಿಂದ, ಹಿಂದಿನ ಅರ್ಜಿಯ ನಂಬರ್ ಏನು, ಇಷ್ಟು ಬರೆಯಿರಿ. ಫೋಟೋ ಲಗತ್ತಿಸಿ. ಇಂಗ್ಲಿಷೇ ಆಗಬೇಕು ಅಂತೇನಿಲ್ಲ, 'ಸಾರ್ವಜನಿಕ ಉಪದ್ರವ' ಅಂದರೂ ಅದೇ ತೂಕ. ಕೈಯಲ್ಲೇ ಕೊಟ್ಟು ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಮೂಲೆಮನೆ_ಮೈಸೂರು:
ಹಾಗಾದರೆ ಕನ್ನಡದಲ್ಲೇ ಬರೆಯುತ್ತೇನೆ, ಸೆಕ್ಷನ್ ಸಮೇತ. ಬೆಳಗ್ಗೆ ನಲ್ಲಿ ನೀರು ಬಿಟ್ಟಾಗ ಮೋರಿ ಜಾಸ್ತಿ ಉಕ್ಕುತ್ತದೆ. ಫೋಟೋ ಆಗಲೇ ತೆಗೆಯೋದು.