ದೊಡ್ಡಪ್ಪ ಕಳಿಸಿದ ಎಣ್ಣೆ ಸ್ನಾನದ ವಿಡಿಯೊ

ಗುಂಪು: ಮನೆ ಮಂದಿ

ದೊಡ್ಡಪ್ಪ: (ಫಾರ್ವರ್ಡ್ ವಿಡಿಯೊ) ಇದು ಅಜರ್‌ಬೈಜಾನಿನ ನಫ್ತಲಾನ್ ಊರು. ಜನ ದುಡ್ಡು ಕೊಟ್ಟು ಕಚ್ಚಾ ಎಣ್ಣೆಯ ತೊಟ್ಟಿಯಲ್ಲಿ ಕೂರುತ್ತಾರೆ. ಮಂಡಿನೋವು, ಚರ್ಮರೋಗ ಎಲ್ಲ ವಾಸಿಯಾಗುತ್ತಂತೆ. ನಮ್ಮವರು ನೋಡಿ. ಚೆನ್ನೈ ಹತ್ತಿರದ ಎನ್ನೂರಿನಲ್ಲಿ ಸ್ವಲ್ಪ ಎಣ್ಣೆ ನೀರಿಗೆ ಸೇರಿದ್ದಕ್ಕೆ ಕಾಯಿಲೆ, ಪರಿಹಾರ ಅಂತ ಎಷ್ಟು ಗಲಾಟೆ ಮಾಡಿದರು. ಭೂಮಿಯಿಂದ ಬಂದದ್ದು ವಿಷ ಹೇಗಾಗುತ್ತೆ?

ತುಮಕೂರು ಅತ್ತೆ: ಅಯ್ಯೋ, ಮೈಯೆಲ್ಲ ಕಪ್ಪು! ಮಂಡಿನೋವಿಗೆ ನಿಜಕ್ಕೂ ಒಳ್ಳೇದಾ ಅಣ್ಣ?

ನಾನು: ದೊಡ್ಡಪ್ಪ, ವಿಡಿಯೊ ಸುಳ್ಳಲ್ಲ. ನಫ್ತಲಾನಿನಲ್ಲಿ ಆ ಸ್ನಾನ ಇದೆ. ಆದರೆ ಅಲ್ಲಿನ ಎಣ್ಣೆ ದಪ್ಪ, ಭಾರ. ಪೆಟ್ರೋಲಿನಂಥ ಹಗುರ ಅಂಶ ಅದರಲ್ಲಿ ತೀರಾ ಕಡಿಮೆ. ಕೂರಿಸುವುದು ಹತ್ತು ನಿಮಿಷ, ಆಮೇಲೆ ಉಜ್ಜಿ ತೊಳೆಯುತ್ತಾರೆ. ಅದನ್ನೂ ಎಲ್ಲ ಡಾಕ್ಟರು ಒಪ್ಪುವುದಿಲ್ಲ. ಅತ್ತೆ, ದಯವಿಟ್ಟು ಮಂಡಿಗೆ ಏನನ್ನೂ ಹಚ್ಚಿಕೊಳ್ಳಬೇಡಿ.

ನಾನು: ಎನ್ನೂರಿನ ವಿಷಯಕ್ಕೆ ಬರುತ್ತೇನೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆ ಬಂತಲ್ಲ, ಆಗ ಆದದ್ದು. ಎಣ್ಣೆ ಮಣಲಿಯ ರಿಫೈನರಿ ಆವರಣದಿಂದ ಹೋಗಿದೆ ಎಂದು ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೇಳಿತು. ಕಂಪನಿ ಪೈಪ್ ಒಡೆದಿಲ್ಲ ಎಂದಿತು. ಎಣ್ಣೆ ಬಕಿಂಗ್‌ಹ್ಯಾಮ್ ಕಾಲುವೆಗೆ ಇಳಿದು ಎನ್ನೂರಿನ ಹಿನ್ನೀರಿಗೆ ಸೇರಿ ಕಡಲಿಗೂ ಹೋಯಿತು. ನೆರೆ ನೀರಿನ ಜೊತೆ ಮನೆಗಳ ಒಳಗೂ ನುಗ್ಗಿತು. ಅದನ್ನು ತೆಗೆದವರು ಯಾರು ಗೊತ್ತಾ? ಅಲ್ಲಿನ ಮೀನುಗಾರರೇ. ದೋಣಿಯಲ್ಲಿ ಬಗ್ಗಿ ನಿಂತು, ಪ್ಲಾಸ್ಟಿಕ್ ಮಗ್ಗಿನಲ್ಲಿ ಮೊಗೆದು ಡ್ರಮ್ಮಿಗೆ ಸುರಿದರು. ಮೊದಮೊದಲು ಎಷ್ಟೋ ಜನಕ್ಕೆ ಗ್ಲೌಸ್ ಕೂಡ ಇರಲಿಲ್ಲ.

ಕುವೈತ್ ಭಾವ: ನೋಡಮ್ಮ, ನಾನು ವರ್ಷಾನುಗಟ್ಟಲೆ ರಿಫೈನರಿಯಲ್ಲೇ ದುಡಿದವನು. ನನಗೇನೂ ಆಗಿಲ್ಲ, ಗಟ್ಟಿಯಾಗಿದ್ದೇನೆ. ಎಣ್ಣೆ ಅಂದ ತಕ್ಷಣ ಕ್ಯಾನ್ಸರ್ ಅಂತ ಜನರನ್ನು ಸುಮ್ನೆ ಹೆದರಿಸಬಾರದು.

ದೊಡ್ಡಪ್ಪ: ಕೇಳು, ಅನುಭವಸ್ಥರು ಹೇಳ್ತಿದ್ದಾರೆ 👍

ನಾನು: ಭಾವ, ನೀವೇ ಹೇಳಿ. ಕೆಲಸಕ್ಕೆ ಸೇರುವ ಮುಂಚೆ ನಿಮಗೆ ಮೆಡಿಕಲ್ ಮಾಡಿಸಿದ್ದರು ಅಲ್ವಾ? ವರ್ಷವರ್ಷವೂ ರಕ್ತ ಪರೀಕ್ಷೆ ಇತ್ತಾ?

ಕುವೈತ್ ಭಾವ: ಇತ್ತು. ರಕ್ತ, ಎಕ್ಸ್-ರೇ, ಊದಿಸಿ ನೋಡುವ ಪರೀಕ್ಷೆ ಎಲ್ಲ. ಗ್ಯಾಸ್ ಮೀಟರ್ ಇಲ್ಲದೆ ಟ್ಯಾಂಕ್ ಹತ್ತಿರ ಬಿಡುತ್ತಲೇ ಇರಲಿಲ್ಲ.

ನಾನು: ಯಾಕೆ ಬಿಡುತ್ತಿರಲಿಲ್ಲ? ಎಣ್ಣೆಯ ಹಗುರ ಭಾಗದಲ್ಲಿ ಬೆಂಜೀನ್ ಅನ್ನುವ ವಿಷದ ರಾಸಾಯನಿಕ ಇರುತ್ತೆ. ಎಣ್ಣೆ ಚೆಲ್ಲಿದ ಮೊದಲ ಒಂದೆರಡು ದಿನದಲ್ಲೇ ಹೆಚ್ಚಿನದೆಲ್ಲ ಆವಿಯಾಗಿ ಉಸಿರಿನ ಜೊತೆ ಒಳಗೆ ಹೋಗುತ್ತೆ. ತಲೆನೋವು, ತಲೆಸುತ್ತು, ಕಣ್ಣುರಿ ಬರುವುದು ಆಗಲೇ. ಹೆಚ್ಚು ದಿನ ಹೋದರೆ ಮೂಳೆಮಜ್ಜೆಗೆ ಪೆಟ್ಟು, ರಕ್ತದ ಕ್ಯಾನ್ಸರ್ ಕೂಡ ಬರಬಹುದು. ನಿಮ್ಮ ಕಂಪನಿಗೆ ಇದು ಗೊತ್ತಿತ್ತು, ಅದಕ್ಕೇ ನಿಮ್ಮನ್ನು ಕಾಪಾಡಿತು. ಎನ್ನೂರಿನ ಕುಪ್ಪದ, ಅಂದರೆ ಮೀನುಗಾರರ ಕೇರಿಯ ಜನಕ್ಕೆ ಮೀಟರೂ ಇಲ್ಲ, ಶಿಫ್ಟ್ ಮುಗಿಯುವುದೂ ಇಲ್ಲ. ಮಗು ಮಲಗುವುದೂ ಅದೇ ಗಾಳಿಯಲ್ಲಿ.

ನಾನು: ನಾನು ಕೆಲಸ ಮಾಡುವ ಕ್ಲಿನಿಕ್ಕಿಗೆ ಆಗ ಎಣ್ಣೆ ತೆಗೆದವರೊಬ್ಬರು ಬಂದಿದ್ದರು. ಉಗುರಿನ ಸಂದಿಯಲ್ಲೆಲ್ಲ ಡಾಂಬರಿನಂಥ ಕಪ್ಪು. ಸೋಪಿಗೆ ಹೋಗಲಿಲ್ಲವೆಂದು ಸೀಮೆಎಣ್ಣೆ ಹಾಕಿ ಉಜ್ಜಿದ್ದರು. ಬೆರಳ ಸಂದಿಯ ಚರ್ಮ ಸುಲಿದು ಕೆಂಪಗಾಗಿತ್ತು. ಕೈ ಮಡಚುವುದಕ್ಕೂ ಆಗುತ್ತಿರಲಿಲ್ಲ. ಪರಿಹಾರಕ್ಕಾಗಿ ಯಾರೂ ಹಾಗೆ ಮಾಡಿಕೊಳ್ಳುವುದಿಲ್ಲ ದೊಡ್ಡಪ್ಪ.

ದೊಡ್ಡಪ್ಪ: ಪಾಪ, ಅದು ಬೇರೆ ಮಾತು. ಆದರೆ ಚರ್ಮದ್ದು ನಾಲ್ಕು ದಿನದಲ್ಲಿ ಹೋಗುತ್ತೆ. ವಾಸನೆ ಹೋಯ್ತು, ಎಣ್ಣೆ ತೆಗೆದರು, ಸರ್ಕಾರ ದುಡ್ಡೂ ಕೊಟ್ಟಿತು. ಇನ್ನೇನು ಉಳಿಯಿತು?

ನಾನು: ಸ್ಪೇನಿನ ಗಲೀಸಿಯಾದಲ್ಲೂ ಹೀಗೇ ಅಂದುಕೊಳ್ಳಬಹುದಿತ್ತು. 2002ರ ನವೆಂಬರ್‌ನಲ್ಲಿ ಪ್ರೆಸ್ಟೀಜ್ ಎಂಬ ಹಡಗು ಮುಳುಗಿ ಎಣ್ಣೆ ದಡಕ್ಕೆ ಬಂತು. ಅಲ್ಲೂ ಮೀನುಗಾರರೇ ತೆಗೆದರು. ಆದರೆ ಅಲ್ಲಿ ಡಾಕ್ಟರುಗಳು ಅವರನ್ನು ಬಿಟ್ಟುಬಿಡಲಿಲ್ಲ. ವರ್ಷ ಕಳೆದ ಮೇಲೂ ಕೆಮ್ಮು, ಉಬ್ಬಸ ಮಾಮೂಲಿಗಿಂತ ಜಾಸ್ತಿ ಇತ್ತು. ಎರಡು ವರ್ಷದ ಮೇಲೆ ನೋಡಿದರೆ, ಸಿಗರೇಟ್ ಸೇದದವರ ರಕ್ತಕಣಗಳಲ್ಲೂ ಕ್ರೋಮೋಸೋಮು, ಅಂದರೆ ವಂಶವಾಹಿ ಇರುವ ಎಳೆಗಳು, ಕೆಟ್ಟಿದ್ದು ಕಂಡಿತು. ಹುಡುಕಿದರು, ಸಿಕ್ಕಿತು. ಎನ್ನೂರಿನಲ್ಲಿ ಕ್ಯಾಂಪ್ ಮಾಡಿ ಮುಲಾಮು, ಮಾತ್ರೆ ಕೊಟ್ಟರು. ಒಂದು ದಿನದ ಕ್ಯಾಂಪಿನಲ್ಲಿ ಇಂಥದ್ದು ಕಾಣುವುದಿಲ್ಲ.

ಕುವೈತ್ ಭಾವ: ಇದು ನಿಜ. ನಮ್ಮಲ್ಲೂ ಹಿಂದಿನ ವರ್ಷದ ರಿಪೋರ್ಟ್ ಪಕ್ಕ ಇಟ್ಟುಕೊಂಡೇ ನೋಡುತ್ತಿದ್ದರು. ಆದರೆ ನೀರು ಕೆಟ್ಟಿದ್ದರೆ ಜನಕ್ಕೆ ವಾಸನೆಯಿಂದಲೇ ಗೊತ್ತಾಗುತ್ತಲ್ಲ, ಕುಡಿಯುವುದಿಲ್ಲ.

ನಾನು: ಗೊತ್ತಾದರೂ ಕುಡಿಯುತ್ತಾರೆ ಭಾವ, ಬೇರೆ ನೀರು ಇಲ್ಲದಿದ್ದರೆ. ನೈಜೀರಿಯಾದ ಒಗೋನಿ ಸೀಮೆಯಲ್ಲಿ ಒಗಾಲೆ ಅಂತ ಊರಿದೆ. ಹತ್ತಿರವೇ ಎಣ್ಣೆಯ ಪೈಪ್‌ಲೈನ್. ವಿಶ್ವಸಂಸ್ಥೆಯವರು ಅಲ್ಲಿನ ಬಾವಿ ನೀರು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿಗಿಂತ 900 ಪಟ್ಟು ಹೆಚ್ಚು ಬೆಂಜೀನ್. ಅದನ್ನೇ ಕುಡಿಯುತ್ತಿದ್ದರು. ಅದೇ ದೇಶದ ಲೆಕ್ಕ ಹಿಡಿದು ಮಾಡಿದ ಇನ್ನೊಂದು ಅಧ್ಯಯನ 2019ರಲ್ಲಿ ಬಂತು. ತಾಯಿ ಬಸುರಾಗುವ ಮೊದಲು ಹತ್ತಿರದಲ್ಲಿ ಎಣ್ಣೆ ಚೆಲ್ಲಿದ್ದರೆ, ಹುಟ್ಟಿದ ಮೊದಲ ತಿಂಗಳಲ್ಲೇ ಮಗು ಸಾಯುವ ಪ್ರಮಾಣ ಎರಡರಷ್ಟು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ತುಮಕೂರು ಅತ್ತೆ: 😢

ಉಡುಪಿ ಅಣ್ಣ: ಈಗ ನೋಡಿದೆ ಎಲ್ಲ. ಮಳೆ ಶುರುವಾಗುವ ಮುಂಚೆ ನಮ್ಮ ಕಡಲತೀರಕ್ಕೂ ಡಾಂಬರಿನ ಉಂಡೆ ಬರುತ್ತೆ. ಮಕ್ಕಳು ತುಳಿದುಕೊಂಡು ಬರುತ್ತಾರೆ. ಅದಕ್ಕೂ ಹೆದರಬೇಕಾ? ಮೀನು ತಿನ್ನಬಹುದಾ?

ನಾನು: ಅದು ಹಳೇ ಎಣ್ಣೆ, ಹಗುರ ಅಂಶ ಹೋಗಿರುತ್ತೆ. ಅಪರೂಪಕ್ಕೆ ತುಳಿದರೆ ಗಾಬರಿ ಬೇಡ. ತೆಂಗಿನೆಣ್ಣೆ ಹಚ್ಚಿ ಸೋಪಿನಲ್ಲಿ ತೊಳಿ. ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಬೇಡ. ಮೀನಿನ ಮೈಯಿಂದ ಎಣ್ಣೆಯ ವಿಷ ಬೇಗ ಹೊರಹೋಗುತ್ತೆ. ಮರುವಾಯಿಯಂಥ ಚಿಪ್ಪಿನವು ಮಾತ್ರ ತುಂಬಾ ದಿನ ಹಿಡಿದಿಟ್ಟುಕೊಳ್ಳುತ್ತವೆ. ಎಣ್ಣೆ ಚೆಲ್ಲಿದ ಕಡೆ ಅದನ್ನು ತಿನ್ನಲೇಬೇಡಿ.

ದೊಡ್ಡಪ್ಪ: ಸರಿ ಪುಟ್ಟಿ, ವಿಡಿಯೊ ಬೇಕಾದರೆ ಅಳಿಸುತ್ತೇನೆ. ಆದರೆ ಸಾವಿರಾರು ಜನರನ್ನು ವರ್ಷವರ್ಷ ಪರೀಕ್ಷೆ ಮಾಡು ಅಂದರೆ ಆಗುವ ಮಾತಾ? ಯಾರನ್ನು ಅಂತ ಹುಡುಕುತ್ತಾರೆ? ಖರ್ಚು ಯಾರದು?

ನಾನು: ವಿಡಿಯೊ ಇರಲಿ, ಕೆಳಗೆ ಇದೆಲ್ಲ ಇದೆಯಲ್ಲ. ಖರ್ಚು ಎಣ್ಣೆ ಚೆಲ್ಲಿದವರದೇ ಆಗಬೇಕು. ಜನರನ್ನು ಹುಡುಕುವ ಕಷ್ಟವೇ ಇಲ್ಲ. ನೀವು ಹೇಳಿದ ಪರಿಹಾರ ಇದೆಯಲ್ಲ, ಅದರಲ್ಲಿ 2,301 ಕುಟುಂಬಕ್ಕೆ ತಲಾ 12,500 ರೂಪಾಯಿ, 787 ದೋಣಿಗೆ ತಲಾ 10,000 ಅಂತ ಸರ್ಕಾರವೇ ಘೋಷಿಸಿತು. ಯಾವ ಮನೆ, ಯಾರ ದೋಣಿ ಅನ್ನುವ ಲೆಕ್ಕ ಇಲ್ಲದೆ ದುಡ್ಡು ಹಂಚುವುದಕ್ಕಾಗುತ್ತಾ? ಅದೇ ಪಟ್ಟಿ ಹಿಡಿದು ರಕ್ತ, ಉಸಿರಿನ ಪರೀಕ್ಷೆ ಶುರು ಮಾಡಲಿ. ಭಾವನಿಗೆ ಇದ್ದಂಥ ಫೈಲು ಒಬ್ಬೊಬ್ಬರಿಗೂ ಇರಲಿ.

ಕುವೈತ್ ಭಾವ: ಅದರಲ್ಲಿ ಬಸುರಿಯರನ್ನು ಮೊದಲು ನೋಡಬೇಕು.